ಸೊನ್ನೆಗೆ ಚಿನ್ನ ಬಳಿದವರು

ಪ್ಲೇಸ್ಟೇಷನ್ 5 ಎಂಬ ಗೇಮ್ ಯಂತ್ರದ ಡಬ್ಬದಲ್ಲೇ ಟಿವಿಗೆ ಚಿತ್ರ, ಧ್ವನಿ ಒಯ್ಯುವ, ಸೆಕೆಂಡಿಗೆ 48 ಗಿಗಾಬಿಟ್ ಮಾಹಿತಿ ಸಾಗಿಸಬಲ್ಲ ಎಚ್‌ಡಿಎಂಐ ಕೇಬಲ್ ಬರುತ್ತದೆ. ಆದರೂ ಅಂಗಡಿಯವನು ಬಿಡಬೇಕಲ್ಲ! "ಚಿನ್ನದ ಲೇಪನವಿದೆ ಸರ್, ಬಣ್ಣ ಎದ್ದು ಕಾಣುತ್ತದೆ" ಎಂದು ಮೂರು ಸಾವಿರದ ಕೇಬಲ್ಲನ್ನು ಕೈಗಿತ್ತ. ನಾನೂ ಕುರಿಯಂತೆ ತಂದೆ. ಮನೆಯಲ್ಲಿ ಎರಡನ್ನೂ ಬದಲಿಸಿ ಬದಲಿಸಿ ನೋಡಿದೆ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇರುವುದಾದರೂ ಹೇಗೆ? ಒಳಗೆ ಹರಿಯುವುದು ಬರೀ ಸೊನ್ನೆ, ಒಂದು ಎಂಬ ಅಂಕಿಗಳು. ಸರಿಯಾಗಿ ತಲುಪಿದರೆ ಪೂರ್ತಿ ಚಿತ್ರ, ತಪ್ಪಿದರೆ ಮಿಣುಕು ಚುಕ್ಕೆಗಳು ಅಥವಾ ಕಪ್ಪು ಪರದೆ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಹಳದಿ ಪಿನ್ನು ಕಿತ್ತು, ಅದನ್ನೇ ಮೂರು ತಂತಿಗಳಲ್ಲಿ ಹಂಚಿ ಕಳಿಸುವ ಕಾಂಪೊನೆಂಟ್ ಕೇಬಲ್ ಹಾಕಿದರೆ ಚಿತ್ರ ನಿಜಕ್ಕೂ ತಿಳಿಯಾಗುತ್ತಿತ್ತು, ಒಪ್ಪುತ್ತೇನೆ. ಅದು ಅನಲಾಗ್ ಕಾಲ, ಸೊನ್ನೆ-ಒಂದರ ಬದಲು ಏರಿಳಿಯುವ ಅಲೆ ಹರಿಯುತ್ತಿತ್ತು, ಅಲೆ ಕೆಟ್ಟಷ್ಟೂ ಚಿತ್ರ ಕೆಡುತ್ತಿತ್ತು. ಹಿಂದಿರುಗಿಸಲು ಹೋದರೆ "ಪ್ಯಾಕೆಟ್ ಒಡೆದಿದ್ದೀರಲ್ಲ ಸರ್" ಎಂದ.