ಮುದುಕನ ಪಾತ್ರಕ್ಕೆ ಮುದುಕರನ್ನೇ ಕರೆಯಿರಿ

ಇಪ್ಪತ್ತೈದರ ಹುಡುಗನ ತಲೆಗೆ ಬಿಳಿ ಪೌಡರ್ ಬಳಿದು, ಕೈಗೊಂದು ದೊಣ್ಣೆ ಕೊಟ್ಟು, ಸೊಂಟ ಬಗ್ಗಿಸಿ ನಡೆಸಿ ಜನರನ್ನು ನಗಿಸುವ ಚಾಳಿ ನಮ್ಮ ಹವ್ಯಾಸಿ ತಂಡಗಳಲ್ಲಿ ಇನ್ನಾದರೂ ನಿಲ್ಲಬೇಕು. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಶಿರಸಿಯಲ್ಲಿ ಈಗ ನಾನು ತಾಲೀಮು ಮಾಡಿಸುತ್ತಿರುವುದು ಒಂದು ಹಾಸ್ಯನಾಟಕ. ಬಣ್ಣ ಬಿಟ್ಟು ಮನೆ ಸೇರಿದ ಇಬ್ಬರು ಹಳೇ ನಟರು, ಜಾತ್ರೆಯಲ್ಲಿ ಕೊನೆಯದೊಂದು ಆಟಕ್ಕೆ ಒಂದಾಗಬೇಕಾದ ಕಥೆ. ಪಾತ್ರ ಮಾಡುತ್ತಿರುವ ಇಬ್ಬರೂ ಎಪ್ಪತ್ತು ದಾಟಿದವರೇ. ಒಬ್ಬರು ಬಡಗುತಿಟ್ಟು ಯಕ್ಷಗಾನ ಮೇಳದಲ್ಲಿ ಹಾಸ್ಯಗಾರರಾಗಿ ತಿರುಗಾಟ ಮಾಡಿದವರು. ಇನ್ನೊಬ್ಬರು ಮಾರಿಕಾಂಬಾ ಜಾತ್ರೆಗೆ ಬಂದು ಟೆಂಟ್ ಹಾಕುತ್ತಿದ್ದ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು.

"ಈ ವಯಸ್ಸಲ್ಲಿ ಮಾತು ನೆನಪಿರತ್ತಾ?" ಎಂದು ಕೇಳಿದವರು ಬಹಳ ಮಂದಿ. ನಿಜವಾದ ತೊಡಕು ಇದ್ದದ್ದು ಬೇರೆ ಕಡೆ. ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ. ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿ ಅದರ ಅರ್ಥವನ್ನು ಆ ಹೊತ್ತಿಗೆ ಕಟ್ಟುತ್ತಾನೆ. ಜನ್ಮವಿಡೀ ಹಾಗೆ ಮಾತಾಡಿದವರ ಕೈಗೆ ನಾವು ಸ್ಕ್ರಿಪ್ಟ್ ಕೊಟ್ಟೆವು. "ತಮಾ, ಬರೆದಷ್ಟೇ ಹೇಳವಾ? ಯಂಗೆ ಪದ್ಯ ಎಲ್ಲಿದ್ದು?" ಎಂದರು. ಕಂಪನಿಯವರದ್ದು ಇದಕ್ಕೆ ಪೂರ್ತಿ ಉಲ್ಟಾ. ಎದುರಿನವರ ಕೊನೆಯ ಪದ ಕಿವಿಗೆ ಬಿದ್ದರೇ ಅವರ ಮಾತು ಹೊರಡುವುದು. ಒಬ್ಬರು ದಿನಾ ಮಾತು ಬದಲಿಸುತ್ತಾರೆ, ಇನ್ನೊಬ್ಬರು ಬಾರದ ಪದಕ್ಕೆ ಕಾದು ನಿಲ್ಲುತ್ತಾರೆ.

ಹಾಗಾಗಿ ಒಂದೊಂದು ದೃಶ್ಯಕ್ಕೂ ಎರಡೆರಡು ಸಾಲಿನ ಪದ್ಯ ಬರೆದು ಹಾರ್ಮೋನಿಯಂ ಜೊತೆ ಹಾಡಿಸಿದೆವು. ಹಾಸ್ಯಗಾರರು ಅದಕ್ಕೆ ತಮಗೆ ತೋಚಿದ ಅರ್ಥ ಹೇಳಲಿ, ಕೊನೆಯ ಪದ ಮಾತ್ರ ಬದಲಾಗಕೂಡದು. ಇಬ್ಬರೂ ಒಪ್ಪಿದರು. ಅಲ್ಲಿಂದ ನಾಟಕ ಓಡಲು ಶುರುವಾಯಿತು.

ಕವಳದ, ಅಂದರೆ ಎಲೆ-ಅಡಿಕೆಯ, ದೃಶ್ಯದ ಬಗ್ಗೆ ಹೇಳಲೇಬೇಕು. ಕಂಪನಿಯವರು ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. ಹಾಸ್ಯಗಾರರು ಅವಸರವಿಲ್ಲದೆ ಸಂಚಿ ಬಿಚ್ಚಿ, ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚುತ್ತಾರೆ. ಇನ್ನೇನು ಬಾಯಿಗೆ ಹೋಗಬೇಕು, ಕೈ ತಿರುಗಿ ಬೈಯುತ್ತಿರುವವರ ಮುಂದೆ ನಿಲ್ಲುತ್ತದೆ. ಅವರು ಬೈಗುಳ ನಿಲ್ಲಿಸದೆಯೇ ತೆಗೆದುಕೊಂಡು ಬಾಯಿಗಿಟ್ಟುಕೊಳ್ಳುತ್ತಾರೆ. ಮುಂದಿನ ಬೈಗುಳವೆಲ್ಲ ಕವಳದ ಒಳಗಿಂದಲೇ. ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಹಾಸ್ಯಗಾರರ ಬೆರಳು ನಿಜಕ್ಕೂ ನಡುಗುತ್ತದೆ. ಅದನ್ನು ಅವರು ಮುಚ್ಚಿಡುವುದಿಲ್ಲ, ಎತ್ತಿ ತೋರಿಸುವುದೂ ಇಲ್ಲ, ಸುಣ್ಣ ಸವರುವ ಲಯಕ್ಕೆ ಸೇರಿಸಿಕೊಂಡಿದ್ದಾರೆ. ಪೌಡರ್ ಬಳಿದ ಯಾವ ಹುಡುಗ ಇದನ್ನು ಮಾಡಿಯಾನು? ಅವನು ನಡುಕವನ್ನೇ ನಗೆಗೆ ಇಡುತ್ತಾನೆ, ಏಕೆಂದರೆ ಅವನ ಹತ್ತಿರ ಬೇರೇನೂ ಇಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿ ಬಂತಲ್ಲ ಎನ್ನುವುದೇ ಬೇಸರ. ಯಕ್ಷಗಾನದ ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ಪದ್ಮಶ್ರೀ ಬಂದದ್ದು 2012ರಲ್ಲಿ, ತೀರಿಕೊಂಡದ್ದು 2017ರಲ್ಲಿ. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಅವರ ವೇಷ ಇದೆ ಅಂದರೆ ರಾತ್ರಿಯಿಡೀ ಕೂರುತ್ತಿದ್ದ ಜನ ವಯಸ್ಸು ಕೇಳಿ ಟಿಕೆಟ್ ತೆಗೆದವರಲ್ಲ.

ಹಿರಿಯ ಕಲಾವಿದರನ್ನು ನಾವು ಸನ್ಮಾನಕ್ಕೆ ಕರೆಯುತ್ತೇವೆ, ಪಾತ್ರಕ್ಕೆ ಕರೆಯುವುದಿಲ್ಲ. ಕರೆದರೆ ಬೇಕಾಗುವುದಾದರೂ ಎಷ್ಟು? ತಾಲೀಮು ರಾತ್ರಿ ಬೇಡ, ಹಗಲಿಗಿರಲಿ. ಮನೆಯಿಂದ ಕರೆತಂದು ಬಿಡಲು ಒಂದು ಗಾಡಿ. ಸೈಡ್‌ವಿಂಗ್‌ನಲ್ಲಿ ಮಾತು ಹೇಳಿಕೊಡಲು ಒಬ್ಬರು. ಕಂಪನಿ ನಾಟಕದಲ್ಲಿ ಇದು ನಾಚಿಕೆಯ ವಿಷಯ ಆಗಿರಲೇ ಇಲ್ಲ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ತಂಡದವರೇ, ವೇಷ ಬಿಟ್ಟು ಮನೆಯಲ್ಲಿ ಕೂತ ಹಾಸ್ಯಗಾರರು ನಿಮ್ಮ ಹತ್ತಿರದ ಊರಲ್ಲೂ ಇದ್ದಾರೆ. ಮುಂದಿನ ನಾಟಕದ ಪಾತ್ರ ಹಂಚುವ ಮೊದಲು ಅವರ ಮನೆಗೊಮ್ಮೆ ಹೋಗಿ. ಸ್ಕ್ರಿಪ್ಟನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡೇ ಹೋಗಿ.