ಆರಕ್ಕೇರದು, ಆರಕ್ಕಿಳಿಯದು

2014ರ ನವೆಂಬರ್ 1ರಂದು ಹುಬ್ಲಿ ಹೋಗಿ ಹುಬ್ಬಳ್ಳಿ ಆದಾಗ ಯಾರೂ ಇಂಗ್ಲಿಷ್ ಅಕ್ಷರ ಎಣಿಸಲಿಲ್ಲ. ಹಳೆಯ ಹೆಸರಿಗೆ ಐದು, ಹೊಸದಕ್ಕೆ ಎಂಟು. ವ್ಯಾಪಾರದ ಎಸ್ಸೆಮ್ಮೆಸ್ ಕಳಿಸುವವರ ಹೆಸರಿಗೆ, ಅಂದರೆ ಹೆಡರಿಗೆ, ಮೊದಲಿನಿಂದ ಬಂದ ಅಳತೆ ಆರು. ಹಳೇ ಹುಬ್ಲಿ ಆರಕ್ಕೇರಲಿಲ್ಲ, ಹೊಸ ಹುಬ್ಬಳ್ಳಿ ಆರಕ್ಕಿಳಿಯಲಿಲ್ಲ. ಧಾರವಾಡ ಏಳು, ಒಂದಕ್ಷರದಲ್ಲಿ ಹೋಯಿತು. ಗದಗ ಐದು. ಇಡೀ ಸೀಮೆಯಲ್ಲಿ ಹೊಲಿಸಿದ ಅಂಗಿಯಂತೆ ಕೂತದ್ದು ಹಾವೇರಿ. ಬ್ಯಾಡಗಿಯವರು ಒಂದು 'ಎ' ನುಂಗಿಕೊಂಡರೆ ಅವರೂ ಪಾಸು. ಆ ಊರಿನವರು ಅದಕ್ಕಿಂತ ಖಾರದ್ದನ್ನು ದಿನಾ ನುಂಗುತ್ತಾರೆ.

ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನ ಜವಳಿ ಸಾವಕಾರರೊಬ್ಬರು ದೀಪಾವಳಿಗೆ ತಮ್ಮ ಗಿರಾಕಿಗಳಿಗೆ ಒಂದು ಮೆಸೇಜು ಬಿಡಬೇಕು ಅಂದುಕೊಂಡರು ಅನ್ನಿ. ಸೀರೆ ಇದೆ, ಗಿರಾಕಿ ಇದ್ದಾರೆ, ನಂಬರು ವಹಿಯಲ್ಲಿದೆ. ಇಲ್ಲದ್ದು 'ಪ್ರಿನ್ಸಿಪಲ್ ಎಂಟಿಟಿ', ಅಂದರೆ ಮೆಸೇಜಿನ ಅಸಲಿ ಯಜಮಾನ, ಎಂಬ ಪದವಿ ಮಾತ್ರ. 2018ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೊರಡಿಸಿದ ನಿಯಮಾವಳಿಯ ಪ್ರಕಾರ ಆ ಪದವಿ ಸಿಗುವುದು ಮೊಬೈಲ್ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ. ಡಿಎಲ್‌ಟಿ ಅಂದರೆ ಬ್ಲಾಕ್‌ಚೈನ್ ಜಾತಿಯ ಲೆಕ್ಕದ ವಹಿ: ಒಂದು ಕಂಪನಿಯಲ್ಲಿ ಬರೆದದ್ದು ಎಲ್ಲ ಕಂಪನಿಗಳಿಗೂ ಕಾಣುತ್ತದೆ, ಹಿಂದಿನದನ್ನು ತಿದ್ದಲು ಬರುವುದಿಲ್ಲ. ಕಿರಾಣಿ ಅಂಗಡಿಯ ಉದ್ರಿ ವಹಿಗೆ ಈ ಭಾಗ್ಯ ಬಂದಿದ್ದರೆ ನಮ್ಮ ಎಷ್ಟೋ ಗೌರವಸ್ಥರು ಊರು ಬಿಡಬೇಕಾಗುತ್ತಿತ್ತು.

ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಲೆಟರ್‌ಹೆಡ್ ಮೇಲೆ ಸಹಿ-ಸಿಕ್ಕಾ ಸಮೇತ ಅಧಿಕಾರ ಪತ್ರ, ಸಹಿ ಮಾಡಿದವರ ಗುರುತಿನ ಚೀಟಿ. ಕೆಲವು ಪೋರ್ಟಲ್‌ಗಳಲ್ಲಿ 5,000 ರೂಪಾಯಿ ಶುಲ್ಕ, ಶೇ 18 ಜಿಎಸ್‌ಟಿ ಸೇರಿ 5,900. ಎಲ್ಲ ಸರಿಯಾದರೆ 19 ಅಂಕಿಯ ಒಂದು ಐಡಿ ಬರುತ್ತದೆ. ಇಡೀ ದೇಶದ ಜನರನ್ನು ಗುರುತಿಸಲು ಆಧಾರ್‌ಗೆ 12 ಅಂಕಿ ಸಾಕಾಗಿತ್ತು.

ಎಲ್ಲ ಸರಿಯಾಗುವುದೇ ಇಲ್ಲ ಎಂಬುದು ಬೇರೆ ಮಾತು. ಒಬ್ಬರೇ ಮಾಲೀಕರಿರುವ ಅಂಗಡಿಯ ಪ್ಯಾನ್ ಮಾಲೀಕರ ಸ್ವಂತ ಹೆಸರಿನಲ್ಲಿರುತ್ತದೆ. ಹೆಡರ್ ಕೇಳುವುದು ಬೋರ್ಡಿನ ಹೆಸರಿಗೆ. ಪರಿಶೀಲಿಸುವವರಿಗೆ ಎರಡರ ನಡುವಿನ ನೆಂಟಸ್ತಿಕೆ ಕಾಣಿಸುವುದಿಲ್ಲ. ಅರ್ಜಿ ತುಂಬಿಕೊಟ್ಟ ಹುಡುಗ ಬಂದು ಹೇಳುತ್ತಾನೆ:

"ಸಾವಕಾರ್ರ, ಹೆಡರ್ ರಿಜೆಕ್ಟ್ ಆಗೇತ್ರಿ. ಪ್ಯಾನ್‌ದಾಗ ನಿಮ್ಮ ಹೆಸರೈತಿ, ಬೋರ್ಡಿನ್ಯಾಗ ಅಂಗಡಿ ಹೆಸರೈತಿ."

"ತಮ್ಮಾ, ಅಂಗಡೀನೂ ನಂದು, ಹೆಸರೂ ನಂದು. ನಾನ ನಿನ್ನ ಮುಂದ ಕುಂತೇನಲ್ಲೋ."

"ಕುಂತದ್ದು ನಡಿಯಂಗಿಲ್ರಿ. ಕುಂತವ್ರು ನೀವ ಅಂತ ಕಾಗದ ಬೇಕ್ರಿ."

ಆ ಕಾಗದ ಇರುವುದು ಜಿಎಸ್‌ಟಿ ಪ್ರಮಾಣಪತ್ರದಲ್ಲೇ, 'ಟ್ರೇಡ್ ನೇಮ್' ಎಂಬ ಕಾಲಮ್ಮಿನಲ್ಲಿ. ಅಲ್ಲಿ ಬೋರ್ಡಿನ ಹೆಸರು ಇದ್ದರೆ ಹೆಡರ್ ಅರ್ಜಿಯ ಜೊತೆ ಅದನ್ನೇ ಲಗತ್ತಿಸಬೇಕು. ಖಾಲಿ ಇದ್ದರೆ ಮೊದಲು ಜಿಎಸ್‌ಟಿ ತಿದ್ದುಪಡಿ, ಆಮೇಲೆ ಹೆಡರ್, ಆಮೇಲೆ ಸೀರೆ.

ಇಷ್ಟು ಬೆವರು ಸುರಿಸಿ ಆರಕ್ಷರ ಗಿಟ್ಟಿಸಿದ ಮೇಲೆ ತಿಳಿಯುವ ಸಂಗತಿ ಇನ್ನೊಂದಿದೆ. ರಿಯಾಯಿತಿ ಅಂದರೆ ಪ್ರಚಾರ, ಮತ್ತು ಪ್ರಚಾರದ ಹೆಡರಿಗೆ ಆರು ಅಂಕಿ ಕೊಡುವುದು ರೂಢಿ. ಅಕ್ಷರದ ಹೆಡರ್ "ನಿಮ್ಮ ಬಿಲ್ ಜಮಾ ಆಗಿದೆ" ಅನ್ನುವುದಕ್ಕೆ. ಸೀರೆ ಮಾರಲು ಹೊರಟವರ ಹೆಸರು ನಂಬರಾಗುತ್ತದೆ, ಜೈಲಿನಲ್ಲಿ ಆದಂತೆ. ಹೆಡರಿನ ಮುಂದುಗಡೆ ಮೊಬೈಲ್ ಕಂಪನಿಗೊಂದು, ರಾಜ್ಯಕ್ಕೊಂದು ಅಕ್ಷರ: ಜಿಯೊಗೆ 'ಜೆ', ಕರ್ನಾಟಕಕ್ಕೆ 'ಎಕ್ಸ್'. ನಮ್ಮ ರಾಜ್ಯದ ಹೆಸರಿನಲ್ಲಿ ಎಲ್ಲಿ ಹುಡುಕಿದರೂ ಎಕ್ಸ್ ಇಲ್ಲ. 2025ರ ತಿದ್ದುಪಡಿಯಿಂದ ಹಿಂದುಗಡೆ ಬಾಲವೂ ಬಂತು. ಪ್ರಚಾರಕ್ಕೆ 'ಪಿ', ಸೇವೆಗೆ 'ಎಸ್', ವ್ಯವಹಾರಕ್ಕೆ 'ಟಿ', ಸರ್ಕಾರಕ್ಕೆ 'ಜಿ'.

ಇನ್ನು ಟೆಂಪ್ಲೇಟು. ಹೇಳಬೇಕಾದ ಮಾತನ್ನು ಮೊದಲೇ ಬರೆದು ಮಂಜೂರು ಮಾಡಿಸಿ, ಆಮೇಲೆ ಅದನ್ನೇ ಹೇಳಬೇಕು. ಒಂದು ಚುಕ್ಕೆ ಹೆಚ್ಚಾದರೂ ಮೆಸೇಜು ನಡುದಾರಿಯಲ್ಲಿ ಸಾಯುತ್ತದೆ. ಸಾವಕಾರರು ಬರೆದದ್ದು ಇಷ್ಟು: "ದೀಪಾವಳಿ ಹಬ್ಬಕ್ಕೆ ಇಳಕಲ್ ಸೀರೆ ಮೇಲೆ 20% ರಿಯಾಯಿತಿ. ಬರ್ರಿ, ದುರ್ಗದ ಬೈಲ್." ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡ ಯೂನಿಕೋಡ್ ಆದ್ದರಿಂದ 70. ಅದರಲ್ಲೂ ಕಾಗುಣಿತ, ಅರ್ಕ, ಒತ್ತು, ಖಾಲಿ ಜಾಗ ಎಲ್ಲಕ್ಕೂ ಬೇರೆ ಬೇರೆ ಟಿಕೇಟು: 'ಹುಬ್ಬಳ್ಳಿ' ನಮ್ಮ ಬಾಯಲ್ಲಿ ಮೂರಕ್ಷರ, ಫೋನಿನ ಲೆಕ್ಕದಲ್ಲಿ ಒಂಬತ್ತು. ಸಾವಕಾರರ ಮೆಸೇಜು ಎಣಿಸಿ ನೋಡಿ, 66. ಉಳಿದದ್ದು ನಾಲ್ಕು. ಅಂಗಡಿಯ ಹೆಸರು ಮೆಸೇಜಿನೊಳಗೆ ಇರಲೇಬೇಕು ಎಂದು ಟೆಂಪ್ಲೇಟು ವಾಪಸ್ ಬರುತ್ತದೆ. ಬರೀ 'ಜವಳಿ ಅಂಗಡಿ' ಎನ್ನುವುದಕ್ಕೇ ಹತ್ತು ಬೇಕು. 70 ದಾಟಿತೋ, ಎರಡು ಎಸ್ಸೆಮ್ಮೆಸ್ಸಿನ ದುಡ್ಡು. ದಾಟಿದ ಮೇಲೆ ಒಂದೊಂದು ತುಂಡಿಗೆ ಸಿಗುವುದು 67 ಮಾತ್ರ, ಉಳಿದದ್ದು ತುಂಡು ಜೋಡಿಸುವ ಕೂಲಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮೆಸೇಜು ಬಂದರೆ ಬೈಯುವ ಮೊದಲು ಈ ಲೆಕ್ಕ ನೆನಪಿರಲಿ. ಒಂದು ಸಮಾಧಾನ: ನಮ್ಮ 'ಬರ್ರಿ'ಗೂ ಮೈಸೂರಿನವರ 'ಬನ್ನಿ'ಗೂ ಐದೈದೇ. ಆ ಮಟ್ಟಿಗೆ ಪ್ರಾದೇಶಿಕ ಅಸಮಾನತೆ ಇಲ್ಲ.

ಬದಲಾಗುವ ಮಾತಿಗೆ ವೇರಿಯೇಬಲ್, ಅಂದರೆ ಆಮೇಲೆ ತುಂಬುವ ಖಾಲಿ ಜಾಗ, ಇಡಬಹುದು. ಒಂದೊಂದಕ್ಕೆ ಮೊದಲಿನಿಂದ ಬಂದ ಮಿತಿ 30 ಅಕ್ಷರ. 'ಶ್ರೀಮತಿ ಅನ್ನಪೂರ್ಣೇಶ್ವರಿ ವೀರಭದ್ರಯ್ಯ' ಎಂದು ಗಂಡನ ಹೆಸರು ಮುಗಿಯುವಷ್ಟರಲ್ಲಿ 34 ಆಗುತ್ತದೆ, ಅಡ್ಡಹೆಸರು ಇನ್ನೂ ಹೊರಗೇ ನಿಂತಿರುತ್ತದೆ. ಆದ್ದರಿಂದ ಪೂರ್ಣ ಹೆಸರು ಬಿಟ್ಟು ಬರೀ ಅನ್ನಪೂರ್ಣೇಶ್ವರಿ ಎಂದು ಬರೆಯಿರಿ, 15ಕ್ಕೆ ಮುಗಿಯುತ್ತದೆ. ವೇರಿಯೇಬಲ್‌ಗಳನ್ನೇ ತುಂಬಿದರೆ, ಇದರಲ್ಲಿ ಮಾತೇ ಇಲ್ಲವಲ್ಲ ಎಂದು ಅದನ್ನೂ ತಿರಸ್ಕರಿಸುತ್ತಾರೆ.

ಮೆಸೇಜನ್ನು ಟೆಂಪ್ಲೇಟಿಗೆ ತಾಳೆ ನೋಡುವ ಈ ಜರಡಿಯನ್ನು ಪೂರಾ ಬಿಗಿದದ್ದು 2021ರ ಮಾರ್ಚ್ 8ರಂದು. ಹೊಂದದ ಮೆಸೇಜೆಲ್ಲ ಬಿದ್ದವು, ಬ್ಯಾಂಕಿನ ಒಟಿಪಿಗಳೂ ಬಿದ್ದವು. ಲಕ್ಷಗಟ್ಟಲೆ ಸಂಬಳದ ತಂತ್ರಜ್ಞರಿದ್ದ ಬ್ಯಾಂಕುಗಳಿಗೇ ತಮ್ಮ ಟೆಂಪ್ಲೇಟು ಹೊಂದಿಸಲು ಆಗಿರಲಿಲ್ಲ. ಮರುದಿನವೇ ಟ್ರಾಯ್ ಏಳು ದಿನ ಜರಡಿ ತೆಗೆದಿಟ್ಟಿತು. ಜವಳಿ ಅಂಗಡಿಗೆ ಏಳು ದಿನದ ರಜೆ ಯಾರೂ ಕೊಟ್ಟಿಲ್ಲ. 2024ರ ಅಕ್ಟೋಬರ್ 1ರಿಂದ ಮೆಸೇಜಿನೊಳಗಿನ ಲಿಂಕಿಗೂ ಮುಂಗಡ ನೋಂದಣಿ ಬೇಕಾಯಿತು. ಅದೇ ವರ್ಷದ ಡಿಸೆಂಬರ್ 11ರಿಂದ ಸಾವಕಾರರಿಂದ ಹಿಡಿದು ಕೊನೆಯ ಟೆಲಿಮಾರ್ಕೆಟರ್‌ವರೆಗಿನ ಸರಪಳಿಯನ್ನೂ ಮೊದಲೇ ಬರೆದಿಡಬೇಕಾಯಿತು. ನಡುವಿನ ಒಬ್ಬ ದಲ್ಲಾಳಿ ಬಿಟ್ಟುಹೋಗಿದ್ದರೂ ಮೆಸೇಜು ಹೋಗದು. ಇಷ್ಟೆಲ್ಲ ಆಗುವಾಗ ಸಾವಕಾರರ ಸ್ವಂತ ಫೋನಿಗೆ "ನಿಮ್ಮ ಸಾಲ ಮಂಜೂರಾಗಿದೆ" ಎಂಬ ಮೆಸೇಜು ಹತ್ತಂಕಿಯ ಸಾದಾ ನಂಬರಿನಿಂದ ಸಲೀಸಾಗಿ ಬಂದು ಬೀಳುತ್ತದೆ. ಕಳಿಸಿದವನಿಗೆ ಹೆಡರಿಲ್ಲ, ಆದ್ದರಿಂದ ರಿಜೆಕ್ಟೂ ಇಲ್ಲ. 1909ಕ್ಕೆ ದೂರು ಕೊಡಬಹುದು. ಅಷ್ಟರಲ್ಲಿ ಅವನು ಸಿಮ್ ಬದಲಿಸಿರುತ್ತಾನೆ.

ಸಾವಕಾರರ ಟೆಂಪ್ಲೇಟು ಕೊನೆಗೂ ಮಂಜೂರಾಯಿತು, ಬಲಿಪಾಡ್ಯಮಿ ಕಳೆದ ಮೇಲೆ. ಹಬ್ಬದ ಹೆಸರಿನ ಜಾಗದಲ್ಲಿ ವೇರಿಯೇಬಲ್ ಇಟ್ಟಿದ್ದರೆ ಎಲ್ಲ ಹಬ್ಬಕ್ಕೂ ಆಗುತ್ತಿತ್ತು. ಅವರು 'ದೀಪಾವಳಿ' ಎಂದೇ ಬರೆದಿದ್ದರು. ಹೊಸದಕ್ಕೆ ಅರ್ಜಿ ಹಾಕುವ ತಾಳ್ಮೆ ಉಳಿದಿರಲಿಲ್ಲ. ಯುಗಾದಿಯ ಹಿಂದಿನ ದಿನ, ಪ್ರಚಾರಕ್ಕೆ ಅನುಮತಿ ಇರುವ ಬೆಳಿಗ್ಗೆ 10ಕ್ಕೆ ಸರಿಯಾಗಿ, ಅದನ್ನೇ ಬಿಟ್ಟರು.

"ಇದೇನ್ರೀ ಸಾವಕಾರ್ರ, ಯುಗಾದಿಗೆ ದೀಪಾವಳಿ ಮೆಸೇಜು?"

"ಮಂಜೂರಾದ ಹಬ್ಬ ಇದೊಂದ ಐತ್ರಿ ಅಕ್ಕಾರ. ನೀವು ಸೀರಿ ನೋಡ್ರಿ."