ಚೋಮ ಕೇಳಿದ್ದು ಗದ್ದೆ

ಈ ಸೆಮಿಸ್ಟರಿನಲ್ಲಿ ನಮಗೆ ‘ಚೋಮನ ದುಡಿ’ ಪಠ್ಯ. ಶಿವರಾಮ ಕಾರಂತರ ಕಾದಂಬರಿ, ಪ್ರಕಟವಾದದ್ದು 1933ರಲ್ಲಿ. ದುಡಿ ಎಂದರೆ ಚೋಮ ಬಾರಿಸುವ ಸಣ್ಣ ಚರ್ಮವಾದ್ಯ. ಕನ್ನಡ ಎಂ.ಎ. ಮಾಡುವವರು ಇದನ್ನು ಓದದೆ ದಾಟುವ ಹಾಗಿಲ್ಲ. ಪುಸ್ತಕ ಮುಗಿಸಿದೆ, ತರಗತಿಯ ಚರ್ಚೆ ಕೇಳಿದೆ, ಹಳೆಯ ಪ್ರಶ್ನೆಪತ್ರಿಕೆಗಳನ್ನೂ ತಿರುವಿ ಹಾಕಿದೆ. ‘ಚೋಮನ ದುರಂತಕ್ಕೆ ಕಾರಣಗಳನ್ನು ವಿವರಿಸಿ’, ‘ಅಸ್ಪೃಶ್ಯತೆಯ ಚಿತ್ರಣವನ್ನು ಚರ್ಚಿಸಿ’, ‘ದುಡಿಯ ಸಾಂಕೇತಿಕತೆ’: ಪ್ರಶ್ನೆಗಳೆಲ್ಲ ಹೀಗೆ ಇವೆ. ಚೋಮ ಎಂತ ಕೇಳಿದ, ಅದು ಅವನ ಮಕ್ಕಳು ಮೊಮ್ಮಕ್ಕಳಿಗಾದರೂ ಸಿಕ್ಕಿತೋ ಇಲ್ಲವೋ ಎಂದು ಯಾರೂ ಕೇಳುತ್ತಿಲ್ಲ. ನಾನು ಬರೆಯುತ್ತಿರುವುದು ಅದಕ್ಕೇ. ಉದ್ದ ಆಗಬಹುದು, ಓದಿ.

ಅಸ್ಪೃಶ್ಯನೆಂದು ಊರು ದೂರ ಇಟ್ಟ ಆಳು ಚೋಮ ಕೇಳಿದ್ದು ಬೇಸಾಯ ಮಾಡಲು ಒಂದು ತುಂಡು ಭೂಮಿ. ದೇವಸ್ಥಾನದ ಒಳಗೆ ಬಿಡಿ ಎಂದು ಅವನು ಕೇಳುವುದಿಲ್ಲ, ಧಣಿಗಳ ಚಾವಡಿಗೆ ಹತ್ತಿಸಿಕೊಳ್ಳಿ ಎಂದೂ ಕೇಳುವುದಿಲ್ಲ. ಅವನ ಹತ್ತಿರ ಒಂದು ಜೋಡಿ ಎತ್ತು ಉಂಟು, ಅವನೇ ಸಾಕಿದ್ದು. ಕೆಲಸ ಗೊತ್ತುಂಟು, ಊರಿನ ಗದ್ದೆಗಳೆಲ್ಲ ಅವನಂಥವರ ಬೆವರಿನಲ್ಲೇ ಬೆಳೆದದ್ದು. ಮೈಯಲ್ಲಿ ಬಲ ಇದ್ದ ಗಂಡುಮಕ್ಕಳಿದ್ದಾರೆ. ಒಬ್ಬ ಬೇಸಾಯಗಾರನಿಗೆ ಬೇಕಾದದ್ದೆಲ್ಲ ಇದ್ದು ನೆಲ ಒಂದೇ ಇಲ್ಲದ ಮನುಷ್ಯ ಅವನು. ಎತ್ತುಗಳನ್ನು ಅವನು ನೋಡಿಕೊಳ್ಳುವ ಪುಟಗಳನ್ನು ಓದುವಾಗ ನನಗೆ ಸಂಕಟವಾಯಿತು. ಹೂಡಲು ಗದ್ದೆಯೇ ಇಲ್ಲದ ಮೇಲೆ ಆ ಎತ್ತುಗಳು ಯಾಕೆ ಎಂದು ಊರು ಕೇಳುತ್ತದೆ. ಮಾರಿಬಿಡುವುದು ಸುಲಭ. ಅವನು ಮಾರುವುದಿಲ್ಲ. ಮಾರಿದರೆ ಆಸೆಯನ್ನೂ ಬಿಟ್ಟ ಹಾಗೆ.

ಧಣಿ ಸಂಕಪ್ಪಯ್ಯ ರಾಕ್ಷಸನಲ್ಲ, ಇದನ್ನು ಗಮನಿಸಬೇಕು. ಕೊಟ್ಟರೆ ಏನಾಯಿತು ಎಂಬಷ್ಟರ ಮಟ್ಟಿಗೆ ಅವನ ಮನಸ್ಸು ಅಲ್ಲಾಡುತ್ತದೆ. ಆದರೆ ಮನೆಯ ಹಿರಿಯಾಕೆ, ಅವನ ತಾಯಿ, ಒಪ್ಪುವುದಿಲ್ಲ. ಹೊಲೆಯರು ಬೇಸಾಯಕ್ಕೆ ಇಳಿಯುವುದು ಹಿಂದಿನಿಂದ ಬಂದ ಕಟ್ಟಳೆಯಲ್ಲಿ ಇಲ್ಲ. ಅಲ್ಲಿಗೆ ಮುಗಿಯಿತು. ಅವಳು ಕಾಪಾಡುತ್ತಿರುವುದು ಮಡಿ ಮೈಲಿಗೆಯನ್ನು ಮಾತ್ರ ಎಂದು ನನಗೆ ಅನಿಸುವುದಿಲ್ಲ. ಚೋಮನಿಗೆ ಗದ್ದೆ ಸಿಕ್ಕಿದರೆ ನಾಳೆ ಬೆಳಿಗ್ಗೆ ಧಣಿಯ ಗದ್ದೆಗೆ ಇಳಿಯುವವರು ಯಾರು? ಮುಟ್ಟಬಾರದು ಎಂಬ ನಿಯಮವೂ ಭೂಮಿ ಕೊಡಬಾರದು ಎಂಬ ನಿಯಮವೂ ಒಂದನ್ನೊಂದು ಹಿಡಿದುಕೊಂಡೇ ನಿಂತಿವೆ. ತರಗತಿಯಲ್ಲಿ ನಾವು ಮೊದಲನೆಯದನ್ನು ಬಿಡಿಸಿ ಬಿಡಿಸಿ ಓದಿದೆವು. ಎರಡನೆಯದಕ್ಕೆ ಬಂದಾಗ ಗಂಟೆ ಹೊಡೆಯಿತು.

ಭೂಮಿ ಇಲ್ಲದ್ದರಿಂದಲೇ ಆ ಮನೆ ಒಂದೊಂದಾಗಿ ಕಳಚುತ್ತದೆ. ತೀರದ ಸಾಲಕ್ಕೆ ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಕಾಯಿಲೆ ಬಿದ್ದು ಸಾಯುತ್ತಾನೆ. ಗುರುವ ಕ್ರೈಸ್ತ ಹುಡುಗಿಯ ಕೈಹಿಡಿದು ಅತ್ತಲೇ ಉಳಿದುಬಿಡುತ್ತಾನೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲದ ಲೆಕ್ಕ ಚುಕ್ತಾ ಆಗುವುದು ಅವಳಿಂದ. ಹೇಗೆ ಎಂಬುದನ್ನು ಓದಿದವರು ಬಲ್ಲರು. ಕಿರಿಯ ಹುಡುಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರೂ ಮುಟ್ಟಿ ಎತ್ತುವವರಿಲ್ಲ. ಇದನ್ನೆಲ್ಲ ವಿಧಿ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ನಾನು ಹಾಗೆ ಬರೆಯುವುದಿಲ್ಲ.

ಮನೆಯಲ್ಲಿ ಅಜ್ಜಿಗೆ ಕಥೆ ಹೇಳಿದೆ, ತುಳುವಿನಲ್ಲಿ. ಅವಳು ಬದುಕಿನ ಹೆಚ್ಚಿನ ಭಾಗ ಬೇರೆಯವರ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟವಳು, ಪಾಡ್ದನ ಎಂಬ ತುಳು ಹಾಡುಗಳನ್ನು ಹಾಡಿದವಳು. ಕಥೆಯ ನಡುವೆ ಅಳಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಚೋಮ ಕೇಳಿದ್ದು ಬೆಟ್ಟು ಗದ್ದೆಯೋ, ಮಜಲೋ, ಬಯಲೋ ಎಂದು ಕೇಳಿದಳು. ನಮ್ಮ ಕಡೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ, ಬೇರೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಬೆಟ್ಟು ಎಂದರೆ ಎತ್ತರದ ಗದ್ದೆ, ಮಳೆ ನಂಬಿ ಏಣೆಲು, ಅಂದರೆ ಮಳೆಗಾಲದ ಬೆಳೆ, ಒಂದೇ. ಮಜಲಿನಲ್ಲಿ ಏಣೆಲಿನ ಮೇಲೆ ಸುಗ್ಗಿಯೂ ಆಗುತ್ತದೆ. ಬಯಲಿನಲ್ಲಿ ನೀರು ನಿಂತರೆ ಕೊಳಕೆಯೂ ಸೇರಿ ಮೂರು ಬೆಳೆ. ಬೆಟ್ಟು ಸಿಕ್ಕಿದವನು ಮಳೆಗಾಲ ಕಳೆದ ಮೇಲೆ ಪುನಃ ಕೂಲಿಗೇ ಹೋಗಬೇಕು. ಬಯಲು ಸಿಕ್ಕಿದವನು ಧಣಿಯ ಮುಖ ನೋಡಬೇಕಾಗಿಲ್ಲ. ಚೋಮನ ಆಸೆಯನ್ನು ಒಂದು ಕನಸು, ಒಂದು ಸಂಕೇತ ಎಂದು ನಾವು ತರಗತಿಯಲ್ಲಿ ಮಾತಾಡಿದ್ದೆವು. ಅಜ್ಜಿ ಅದನ್ನು ಆಗಿಬರಬಹುದಾದ ಬೇಸಾಯ ಎಂದು ತೆಗೆದುಕೊಂಡಳು. ಆ ಪ್ರಶ್ನೆ ಕೇಳಿದ ಮೇಲೆ ನಾನು ಕಾದಂಬರಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ. ಈ ಸಲ ಓದಿದ್ದು ಒಬ್ಬ ರೈತನ ಕಥೆ ಎಂದೇ.

ಕಾರಂತರು ಇದನ್ನು ಬರೆದ ಕಾಲದಲ್ಲಿ ಪುತ್ತೂರೂ ಕಾಸರಗೋಡೂ ಒಂದೇ ಜಿಲ್ಲೆ, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಚೋಮನ ಊರು ಭೋಗನಹಳ್ಳಿ ಕಲ್ಪನೆಯದ್ದೇ ಇರಬಹುದು, ಆದರೆ ಅಲ್ಲಿಯ ಕಾಡು, ಗದ್ದೆ, ಧಣಿ, ದೈವ ಯಾವುದೂ ನಮಗೆ ಹೊರಗಿನದ್ದಲ್ಲ. 1956ರ ನವೆಂಬರ್ 1ರಂದು ಕಾಸರಗೋಡಿನ ನಾವು ಕೇರಳಕ್ಕೆ ಸೇರಿದೆವು. ಆ ಗಡಿಯ ನೋವಿನ ಬಗ್ಗೆ ಕಾಸರಗೋಡಿನ ಕನ್ನಡಿಗರು ಬಹಳ ಬರೆದಿದ್ದಾರೆ, ಬರೆಯಲೇಬೇಕಾದದ್ದು ಅದು, ನಾನೂ ಕನ್ನಡ ಶಾಲೆಯಲ್ಲೇ ಕಲಿತವಳು. ಆದರೆ ಗಡಿ ಎಳೆದ ಮೇಲೆ ಈ ನೆಲದಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆಯಿತು, ಅದು ನಮ್ಮ ಕನ್ನಡ ಬರಹಗಳಲ್ಲಿ ಅಷ್ಟು ಬರುವುದಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಇಲ್ಲವಾಯಿತು. ಗೇಣಿ ಮಾಡುತ್ತಿದ್ದ ಒಕ್ಕಲುಗಳಿಗೆ ಅವರು ಉಳುತ್ತಿದ್ದ ಭೂಮಿಯ ಹಕ್ಕು ಬಂತು. ಗಡಿಯಾಚೆ ಕರ್ನಾಟಕದಲ್ಲೂ 1974ರ ತಿದ್ದುಪಡಿಯ ಮೇಲೆ ಹೀಗೆಯೇ ಆಯಿತು. ‘ಉಳುವವನೇ ಒಡೆಯ’ ಎಂದು ಎರಡೂ ಕಡೆ ಹೇಳಿದರು.

ಚೋಮ ಗೇಣಿಯ ಒಕ್ಕಲು ಆಗಿರಲಿಲ್ಲ. ಅವನನ್ನು ಒಕ್ಕಲು ಮಾಡಿಕೊಳ್ಳಲೇ ಊರು ಬಿಡಲಿಲ್ಲ, ಕಾದಂಬರಿ ಇರುವುದೇ ಅದರ ಬಗ್ಗೆ. ಕಾನೂನು ಬಂದ ದಿನ ಯಾರ ಹೆಸರಿನಲ್ಲಿ ಗೇಣಿ ಚೀಟಿ ಇತ್ತೋ ಅವರು ಗದ್ದೆಯ ಒಡೆಯರಾದರು. ಆ ಗದ್ದೆಯ ಕೆಸರಿನಲ್ಲಿ ನಿಂತು ನೆಟ್ಟವರಿಗೆ, ಕೊಯ್ದವರಿಗೆ ಸಿಕ್ಕಿದ್ದು ಗುಡಿಸಲು ನಿಂತ ಜಾಗದ ಹಕ್ಕು. ಪಂಚಾಯತಿಯಲ್ಲಾದರೆ ಹತ್ತು ಸೆಂಟು, ಪುರಸಭೆಯಲ್ಲಾದರೆ ಐದು, ದೊಡ್ಡ ನಗರದಲ್ಲಾದರೆ ಮೂರು. ನೂರು ಸೆಂಟು ಸೇರಿದರೆ ಒಂದು ಎಕರೆ. ಹತ್ತು ಸೆಂಟಿನಲ್ಲಿ ಮನೆ ಆಗುತ್ತದೆ, ಬಾವಿ ಆಗುತ್ತದೆ, ನಾಲ್ಕು ತೆಂಗು ಆಗುತ್ತದೆ. ಒಂದು ಜೋಡಿ ಎತ್ತು ಹೂಡಿದರೆ ತಿರುಗಿಸಲು ಎಡೆ ಸಾಕಾಗುವುದಿಲ್ಲ.

ನಮ್ಮ ಅಜ್ಜಿಗೆ ಸಿಕ್ಕಿದ್ದೂ ಆ ಹತ್ತು ಸೆಂಟೇ. ಅದು ಸಣ್ಣದಲ್ಲ, ಖಂಡಿತ ಅಲ್ಲ. ಆ ಕಾಗದವನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ಅಡಿಯಲ್ಲಿ ಇಟ್ಟಿದ್ದಾಳೆ. ಧಣಿಗೆ ಸಿಟ್ಟು ಬಂದರೆ ರಾತ್ರಿಗೆ ಮನೆ ಖಾಲಿ ಮಾಡಬೇಕಾಗಿದ್ದ ಜನಕ್ಕೆ ಇನ್ನು ಎಬ್ಬಿಸುವವರಿಲ್ಲ ಎಂಬ ಧೈರ್ಯ ಬಂದದ್ದು ಆ ಕಾಗದದಿಂದ. ಆಮೇಲೆ ಶಾಲೆ, ರೇಷನ್, 1980ರಿಂದ ಕೃಷಿ ಕಾರ್ಮಿಕರ ಪಿಂಚಣಿ, ಇವೆಲ್ಲ ಸೇರಿದ್ದಕ್ಕೇ ನಾನು ಇವತ್ತು ಎಂ.ಎ. ತರಗತಿಯಲ್ಲಿ ಕೂತಿರುವುದು. ಇದನ್ನು ಮರೆತು ಮಾತಾಡುವವಳಲ್ಲ. ಆದರೆ ಅಜ್ಜಿಯ ಹತ್ತು ಸೆಂಟು ಅವಳ ಮಕ್ಕಳಿಗೆ ಹಂಚಿಹೋಯಿತು, ಈಗ ಮೊಮ್ಮಕ್ಕಳ ಸರದಿ. ಗೋಡೆಗೆ ಗೋಡೆ ತಾಗುವ ಹಾಗೆ ಮನೆಗಳು. ಹೂಳಲು ಜಾಗವಿಲ್ಲದೆ ಅಡುಗೆಮನೆಯ ನೆಲ ಅಗೆದು ಹೆಣ ಇಟ್ಟ ಸುದ್ದಿ ಕೇರಳದ ಕಾಲನಿಗಳಿಂದ ಎಷ್ಟು ಸಲ ಬಂದಿಲ್ಲ! ಭೂಸುಧಾರಣೆಗೆ ಹೆಸರಾದ ರಾಜ್ಯದ ಸುದ್ದಿ ಇದು.

ತೋಟದ ವಿಷಯವೂ ಉಂಟು. ಕಾದಂಬರಿಯಲ್ಲಿ ಚೋಮನ ಮಕ್ಕಳನ್ನು ನುಂಗುವುದು ಕಾಫಿ ತೋಟ. ಕೇರಳದ ಭೂಸುಧಾರಣೆ ಕಾನೂನಿನಲ್ಲಿ ಭೂಮಿತಿಯಿಂದ (ಒಬ್ಬರು ಇಟ್ಟುಕೊಳ್ಳಬಹುದಾದ ಭೂಮಿಯ ಮಿತಿಯಿಂದ) ಹೊರಗಿಟ್ಟದ್ದು ಯಾವುದನ್ನು ಎಂದು ನೋಡಿದೆ. ಚಹ, ಕಾಫಿ, ರಬ್ಬರ್, ಏಲಕ್ಕಿಯ ತೋಟಗಳನ್ನು! ಸಾವಿರಾರು ಎಕರೆ ಇದ್ದ ತೋಟಗಳಿಗೆ ಮಿತಿ ಇಲ್ಲ, ಅಲ್ಲಿ ಎಲೆ ಕಿತ್ತವರಿಗೆ ಪಾಡಿ ಎಂಬ ಕೂಲಿ ಸಾಲುಮನೆಗಳಲ್ಲಿ ಒಂದು ಕೋಣೆ. 2007ರಲ್ಲಿ ಪತ್ತನಂತಿಟ್ಟ ಜಿಲ್ಲೆಯ ಚೆಂಗರದಲ್ಲಿ ಸಾವಿರಾರು ಭೂಹೀನರು ಒಂದು ದೊಡ್ಡ ರಬ್ಬರ್ ತೋಟದೊಳಗೆ ಟಾರ್ಪಾಲಿನ ಗುಡಿಸಲು ಹಾಕಿ ಕೂತರು. ಹೆಚ್ಚಿನವರು ದಲಿತರು. ಮನೆ ಜಾಗ ಸಾಲದು, ಬೇಸಾಯ ಮಾಡಲು ಭೂಮಿ ಕೊಡಿ ಎಂದು ಕೇಳಿದರು. ಸಂಕಪ್ಪಯ್ಯನ ಅಂಗಳದಲ್ಲಿ ನಿಂತು ಚೋಮ ಕೇಳಿದ್ದೂ ಇದನ್ನೇ. ನಡುವೆ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಕಳೆದಿತ್ತು.

ಚರ್ಚೆಯ ದಿನ ಗೆಳತಿಯೊಬ್ಬಳು, ಈಗ ಚೋಮ ಎಲ್ಲಿದ್ದಾನೆ, ಅದೆಲ್ಲ ಹಳೆಯ ಕಾಲ ಎಂದಳು. ಅವಳ ಮನೆಯವರು ಗೇಣಿ ಒಕ್ಕಲುಗಳು, 1970ರ ನಂತರ ಭೂಮಿ ಬಂತು, ಈಗ ಅಡಿಕೆ ತೋಟ. ಅವಳ ಅಜ್ಜ ಗೇಣಿ ಅಕ್ಕಿ ಅಳೆದು ಅಳೆದು ಸೋತು ಹೋದವರು, ಆ ಕಷ್ಟವೂ ನಿಜ. ನಾನು ಅವಳಿಗೆ ಹೇಳಿದ್ದು ಇಷ್ಟು: ನಿನ್ನ ಅಜ್ಜನಿಗೆ ಗದ್ದೆ ಬಂದ ದಿನ ಆ ಗದ್ದೆಯಲ್ಲಿ ನೆಡುತ್ತಿದ್ದವರು ಯಾರು, ಅವರಿಗೆ ಎಂತ ಬಂತು ಎಂದು ಮನೆಯಲ್ಲಿ ಕೇಳು. ಅವಳು ಕೇಳಿ ಬಂದಳು, ಮರುದಿನ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಈ ಕಾದಂಬರಿ ಮಾಡಬಹುದಾದ ಕೆಲಸ ಇದು ಎಂದು ನನಗೆ ಆಗ ಅನಿಸಿತು.

ಮತಾಂತರದ ಭಾಗವನ್ನು ಎಲ್ಲರೂ ಧರ್ಮಸಂಕಟ ಎಂದು ಓದುತ್ತಾರೆ. ಪಾದ್ರಿಯ ಕಡೆ ಚೋಮನನ್ನು ಎಳೆಯುವುದು ಯೇಸುವಿನ ಬೋಧನೆ ಅಲ್ಲ, ಅತ್ತ ಹೋದರೆ ಬೇಸಾಯಕ್ಕೆ ಭೂಮಿ ಸಿಗುತ್ತದೆ ಎಂಬ ಭರವಸೆ. ಕೊನೆಗೂ ತನ್ನ ದೈವವನ್ನು ಬಿಡಲಾರದೆ ಹಿಂದೆ ತಿರುಗುತ್ತಾನೆ. ಕೆಲವರಿಗೆ ಇದು ಅವನ ಶ್ರದ್ಧೆಯ ಗೆಲುವು. ನನಗೆ ಅದು ಓದಲಾರದಷ್ಟು ಕ್ರೂರ ಎನಿಸಿತು. ನೆಲ ಬೇಕಾದರೆ ದೈವ ಬಿಡು, ದೈವ ಬೇಕಾದರೆ ನೆಲ ಬಿಡು ಎಂದು ಧಣಿಯ ಮನೆಯವರಿಗೆ ಯಾರಾದರೂ ಯಾವತ್ತಾದರೂ ಹೇಳಿದ್ದುಂಟೇ?

ಬೆಳ್ಳಿಯ ಬಗ್ಗೆ ಮಾತ್ರ ಕಾರಂತರೊಡನೆ ನನಗೆ ಜಗಳ ಉಂಟು. ಮನೆಯ ಅನ್ನ ಬೇಯಿಸುವವಳು ಅವಳು, ತಮ್ಮಂದಿರನ್ನು ನೋಡುವವಳು ಅವಳು, ಅಪ್ಪನ ಸಾಲ ತೀರುವುದು ಅವಳ ಮೈಯ ಬೆಲೆಗೆ. ಅವಳನ್ನು ಕೆಟ್ಟವಳು ಎಂದು ಕಾರಂತರು ತೀರ್ಪು ಕೊಡುವುದಿಲ್ಲ, ಆ ಮಟ್ಟಿಗೆ ಅವರು ದೊಡ್ಡವರು. ಆದರೆ ಚೋಮನ ಸಿಟ್ಟಿಗೆ ದುಡಿ ಉಂಟು, ಬೆಳ್ಳಿಯ ಸಿಟ್ಟಿಗೆ ಎಂತ ಉಂಟು? ತೋಟದಿಂದ ಮರಳುವ ದಾರಿಯಲ್ಲಿ ಅವಳ ಮನಸ್ಸಿನಲ್ಲಿ ಏನೇನು ನಡೆದಿರಬಹುದು ಎಂದು ನಾನು ಪುಟ ಮಗುಚಿ ಮಗುಚಿ ಹುಡುಕಿದೆ. ನನಗೆ ಸಾಕಾಗುವಷ್ಟು ಸಿಗಲಿಲ್ಲ. ಭೂಮಿಯ ಆಸೆ ಅವಳಿಗೂ ಇತ್ತೋ? ಗದ್ದೆ ಸಿಕ್ಕಿದ್ದರೆ ಅದರಲ್ಲಿ ನೇಜಿ ನೆಡುತ್ತಿದ್ದವಳು ಅವಳೇ. ನಮ್ಮ ಕಾಲನಿಯ ಹೆಂಗಸರು ಯಾರೂ ಈ ಕಾದಂಬರಿ ಓದಿಲ್ಲ, ಓದಿದ್ದರೆ ಮೊದಲು ಕೇಳುತ್ತಿದ್ದುದು ಬೆಳ್ಳಿಯ ಬಗ್ಗೆಯೇ ಎಂದು ನಾನು ನಂಬುತ್ತೇನೆ. ಒಂಬತ್ತು ದಶಕ ಆಯಿತು. ಬೆಳ್ಳಿಯ ಕಡೆಯಿಂದ ಈ ಕಥೆಯನ್ನು ಇನ್ನೊಮ್ಮೆ ಬರೆಯಬೇಕು, ಅಂಥ ಮನೆಯಲ್ಲಿ ಹುಟ್ಟಿದವಳೇ ಬರೆಯಬೇಕು.

ದುಡಿಯ ಸಾಂಕೇತಿಕತೆಯ ಬಗ್ಗೆ ಹತ್ತು ಅಂಕದ ಪ್ರಶ್ನೆ ಬರುತ್ತದೆ ಎಂದು ಹೇಳಿದೆನಲ್ಲ. ದುಡಿ ನಮ್ಮ ಜಿಲ್ಲೆಯಲ್ಲಿ ಪುಸ್ತಕದ ವಸ್ತು ಅಲ್ಲ, ಜೀವಂತ ಉಂಟು. ಮಾವಿಲರು, ಮಲೆವೆಟ್ಟುವರು ಎಂಬ ಬುಡಕಟ್ಟಿನವರು ಆಡುವ ಮಂಗಲಂಕಳಿ ಎಂಬ ಕುಣಿತಕ್ಕೆ ದುಡಿಯೇ ತಾಳ. 2025ರ ಜನವರಿಯಲ್ಲಿ ತಿರುವನಂತಪುರದ ರಾಜ್ಯ ಶಾಲಾ ಕಲೋತ್ಸವದಲ್ಲಿ ಮಂಗಲಂಕಳಿಯನ್ನು ಸ್ಪರ್ಧೆಯಾಗಿ ಸೇರಿಸಿದರು. ಅದನ್ನು ಮೊಬೈಲಿನಲ್ಲಿ ನೋಡಿ ನನ್ನ ಕಣ್ಣು ತುಂಬಿತ್ತು, ಅಷ್ಟು ಸಂತೋಷ. ದುಡಿಗೆ ವೇದಿಕೆ ಸಿಕ್ಕಿತು, ಬಹುಮಾನ ಸಿಕ್ಕಿತು. ದುಡಿ ಬಾರಿಸುವವನಿಗೆ ಬೇಕಾದ ಗದ್ದೆಯ ಮಾತು ಇನ್ನೂ ಬಾಕಿ. ಅವನ ದುಃಖವನ್ನು ಕಲೆ ಎಂದು ಮೆಚ್ಚುವುದು ನಮಗೆ ಸುಲಭ, ಅವನ ಬೇಡಿಕೆಯನ್ನು ಬೇಡಿಕೆ ಎಂದು ಕೇಳಿಸಿಕೊಳ್ಳುವುದು ಕಷ್ಟ. ನಮ್ಮ ವಿಮರ್ಶೆಯಲ್ಲೂ ಇದೇ ಆಗಿದೆ ಎಂಬುದು ನನ್ನ ದೂರು.

ಬಯಲು ಗದ್ದೆಗಳು ಈಗ ಎಷ್ಟು ಉಳಿದಿವೆ, ಕೇಳಬೇಡಿ. ಹೆಚ್ಚಿನದು ಅಡಿಕೆ ತೋಟ ಆಯಿತು, ಕೆಲವು ಮಣ್ಣು ತುಂಬಿ ಮನೆ ಆಯಿತು. 2008ರಲ್ಲಿ ಗದ್ದೆ ಉಳಿಸುವ ಕಾನೂನು ಬಂತು. ಅಷ್ಟರಲ್ಲಿ ನೆಡಲು ಬಲ್ಲವರ ಕೈ ಬೇರೆ ಕೆಲಸಕ್ಕೆ ಹೋಗಿತ್ತು. ಗದ್ದೆ ಇದ್ದವರು ಬೇಸಾಯ ಬಿಟ್ಟರು, ಬೇಸಾಯ ಬಲ್ಲವರಿಗೆ ಗದ್ದೆ ಬರಲೇ ಇಲ್ಲ.

ನನ್ನ ಸೆಮಿನಾರು ಪ್ರಬಂಧವನ್ನು ಇದರ ಮೇಲೆಯೇ ಬರೆಯುತ್ತಿದ್ದೇನೆ. ನಿಮ್ಮ ಸಹಾಯ ಬೇಕು. ಮಂಜೇಶ್ವರ, ಪೈವಳಿಕೆ, ಬದಿಯಡ್ಕ, ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ ಕಡೆಯವರು, ನಿಮ್ಮ ಮನೆಯ ಹಿರಿಯರಿಗೆ 1970ರ ನಂತರ ಎಂತ ಸಿಕ್ಕಿತು ಎಂದು ಕೇಳಿ ತಿಳಿಸಿ. ಗದ್ದೆ ಸಿಕ್ಕಿದವರೂ ತಿಳಿಸಿ, ಹತ್ತು ಸೆಂಟು ಸಿಕ್ಕಿದವರೂ ತಿಳಿಸಿ, ಏನೂ ಸಿಗದವರು ಮೊದಲು ತಿಳಿಸಿ. ಗೇಣಿ ಚೀಟಿ, ಹಳೆಯ ಪಟ್ಟೆ, ಅರ್ಜಿಯ ಪ್ರತಿ ಏನಾದರೂ ಇದ್ದರೆ ಒಂದು ಫೋಟೋ ಇನ್‌ಬಾಕ್ಸಿಗೆ ಕಳುಹಿಸಿ, ಹೆಸರು ಮುಚ್ಚಿಯೇ ಬಳಸುತ್ತೇನೆ. ಭೂಮಿ ಯಾವುದಾಗಿತ್ತು, ಬೆಟ್ಟೋ ಮಜಲೋ ಬಯಲೋ, ಅದನ್ನೂ ಬರೆಯಿರಿ.